ತರಗತಿಯ ದೊಡ್ಡ ತೊಟ್ಟಿಗೆ ಯಾವ ಮೀನು?

*ಬಣ್ಣ ನೋಡಿ ಕೊಳ್ಳುವ ಮುನ್ನ ನೀರು, ಬೆಳವಣಿಗೆ, ಬೇಸಿಗೆ ರಜೆ ಮೂರರ ಲೆಕ್ಕವೂ ಆಗಬೇಕು*

ಶಾಲೆಗೆ ದಾನಿಗಳಿಂದ ದೊಡ್ಡದೊಂದು ಗಾಜಿನ ತೊಟ್ಟಿ ಬರುತ್ತದೆ. ಉದ್ಘಾಟನೆಯ ದಿನ ಬೆಳಿಗ್ಗೆ ನಲ್ಲಿಯ ನೀರು ತುಂಬಿಸಿ, ಪೇಟೆಯ ಅಂಗಡಿಯಿಂದ ಪ್ಲಾಸ್ಟಿಕ್ ಚೀಲಗಳಲ್ಲಿ ತಂದ ಗೋಲ್ಡ್ ಫಿಷ್, ಏಂಜೆಲ್, 'ಶಾರ್ಕ್' ಮುಂತಾದ ಮೀನುಗಳನ್ನು ಬಿಡಲಾಗುತ್ತದೆ. ಅತಿಥಿಗಳು ಭಾಷಣ ಮಾಡಿ ಹೋಗುತ್ತಾರೆ, ಮಕ್ಕಳು ಗಾಜಿಗೆ ಮೂಗೊತ್ತಿ ನಿಲ್ಲುತ್ತಾರೆ. ಮೂರನೆಯ ದಿನ ಒಂದು ಮೀನು ಹೊಟ್ಟೆ ಮೇಲಾಗಿ ತೇಲುತ್ತದೆ. ಎರಡು ವಾರ ಕಳೆಯುವಷ್ಟರಲ್ಲಿ ಉಳಿದವುಗಳೂ ಒಂದೊಂದಾಗಿ ಸಾಯುತ್ತವೆ. ಮುಂದಿನ ವರ್ಷ ಅದೇ ತೊಟ್ಟಿಯಲ್ಲಿ ಹಳೆಯ ಭೂಪಟಗಳು, ಮುರಿದ ಸೀಮೆಸುಣ್ಣದ ಪೆಟ್ಟಿಗೆಗಳು ತುಂಬಿರುತ್ತವೆ.

ಇದರಲ್ಲಿ ಹಣದ ನಷ್ಟ ಸಣ್ಣದು. ಜೀವಿಗಳ ಪಾಠಕ್ಕೆಂದು ತಂದ ತೊಟ್ಟಿಯಿಂದ, ಸತ್ತರೆ ಅಂಗಡಿಯಿಂದ ಇನ್ನೊಂದು ತಂದರಾಯಿತು ಎಂಬ ಪಾಠವನ್ನು ಮಕ್ಕಳು ಕಲಿಯುತ್ತಾರೆಂಬುದೇ ದೊಡ್ಡ ನಷ್ಟ. ಇಂತಹ ಸಾವುಗಳಲ್ಲಿ ಹೆಚ್ಚಿನವುಗಳಿಗೆ ರೋಗ ಕಾರಣವಲ್ಲ, ಆಯ್ಕೆ ಮತ್ತು ಆತುರ ಕಾರಣ. ಅಂಗಡಿಯಲ್ಲಿ ಬೆರಳುದ್ದ ಕಾಣುವ ಮೀನು ಮೂರು ವರ್ಷದ ಬಳಿಕ ಎಷ್ಟು ದೊಡ್ಡದಾಗುತ್ತದೆ, ಊರಿನ ನೀರು ಅದಕ್ಕೆ ಒಗ್ಗುತ್ತದೆಯೇ, ಶಾಲೆಗೆ ಬೀಗ ಬಿದ್ದ ದಿನಗಳಲ್ಲಿ ಅದರ ಗತಿಯೇನು ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆಯೇ ಬಣ್ಣದ ಮಾತು ಬರಬೇಕು.

ತೊಟ್ಟಿ ಎಷ್ಟು ದೊಡ್ಡದು?

ಶಾಲೆಗಳಿಗೆ ಸಾಮಾನ್ಯವಾಗಿ ಬರುವ ದೊಡ್ಡ ತೊಟ್ಟಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದು. ಅಂಚಿನವರೆಗೆ ತುಂಬಿದರೆ ಇದರಲ್ಲಿ ಸುಮಾರು 255 ಲೀಟರ್ ನೀರು ಹಿಡಿಯುತ್ತದೆ. ತಳದ ಜಲ್ಲಿ ಮತ್ತು ಮೇಲಿನ ಖಾಲಿ ಜಾಗ ಕಳೆದರೆ ಉಳಿಯುವುದು 225 ಲೀಟರ್. ನೀರು, ಗಾಜು, ಜಲ್ಲಿ ಸೇರಿ ಭಾರ ಸುಮಾರು 300 ಕಿಲೋ ಆಗುವುದರಿಂದ ಇದನ್ನು ಮಕ್ಕಳು ಕೂರುವ ಬೆಂಚಿನ ಮೇಲಾಗಲಿ, ಹಳೆಯ ಮೇಜಿನ ಮೇಲಾಗಲಿ ಇಡುವಂತಿಲ್ಲ. ಕಬ್ಬಿಣದ ಗಟ್ಟಿ ಸ್ಟ್ಯಾಂಡ್ ಅಥವಾ ಗೋಡೆಗೆ ಸೇರಿಸಿ ಕಟ್ಟಿದ ಕಟ್ಟೆ ಬೇಕು. ಕಿಟಕಿಯ ಬಿಸಿಲು ನೇರವಾಗಿ ಬಿದ್ದರೆ ನೀರು ಹಸಿರುಗಟ್ಟುತ್ತದೆ, ಕಾಯುತ್ತದೆ.

ಇಷ್ಟು ನೀರಿಗೆ ಎಷ್ಟು ಮೀನು ಎಂಬುದಕ್ಕೆ ಸರಳ ಸೂತ್ರವೊಂದಿದೆ. ಪೂರ್ಣ ಬೆಳೆದ ಮೀನಿನ ಉದ್ದವನ್ನು ಲೆಕ್ಕಕ್ಕೆ ಹಿಡಿದು, ಪ್ರತಿ ಎರಡು ಲೀಟರ್ ನೀರಿಗೆ ಒಂದು ಸೆಂಟಿಮೀಟರ್ ಮೀನು. ಅಂದರೆ 225 ಲೀಟರಿಗೆ ಒಟ್ಟು 112 ಸೆಂ.ಮೀ. ಈ ಸೂತ್ರ ಸಣ್ಣ ಮೀನುಗಳಿಗೆ ಮಾತ್ರ ಅನ್ವಯಿಸುತ್ತದೆ. ಒಂದು ಅಡಿಯ ಮೀನೊಂದು ಹೊರಹಾಕುವ ಕಲ್ಮಶ, ನಾಲ್ಕು ಸೆಂ.ಮೀ. ಉದ್ದದ ಏಳೆಂಟು ಮೀನುಗಳ ಕಲ್ಮಶಕ್ಕಿಂತ ಬಹುಪಾಲು ಹೆಚ್ಚು. ಉದ್ದ ಎರಡರಷ್ಟಾದರೆ ಮೀನಿನ ತೂಕ ಎಂಟು ಪಟ್ಟಿನ ಆಸುಪಾಸಿಗೆ ಏರುತ್ತದೆ ಎಂಬುದೇ ಇದಕ್ಕೆ ಕಾರಣ. ಗಣಿತದ ಮೇಷ್ಟರಿಗೂ ಇಲ್ಲೊಂದು ಪಾಠವಿದೆ.

ಮೊದಲು ನೀರು, ಆಮೇಲೆ ಮೀನು

ಹೊಸ ತೊಟ್ಟಿಯ ಮೀನುಗಳು ಮೊದಲ ತಿಂಗಳಲ್ಲೇ ಸಾಯುವುದಕ್ಕೆ ಮುಖ್ಯ ಕಾರಣ ಕಣ್ಣಿಗೆ ಕಾಣದು. ಮೀನಿನ ಕಿವಿರುಗಳಿಂದ ಹೊರಬರುವ ಅಮೋನಿಯಾ, ಕೊಳೆತ ಆಹಾರದಿಂದ ಹುಟ್ಟುವ ಅಮೋನಿಯಾ ಎರಡೂ ನೀರಿನಲ್ಲೇ ಉಳಿದು ಮೀನಿಗೆ ವಿಷವಾಗುತ್ತವೆ. ಕೆರೆಯಲ್ಲಿ ಈ ವಿಷವನ್ನು ಬ್ಯಾಕ್ಟೀರಿಯಾಗಳು ಅರಗಿಸುತ್ತವೆ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಆಗಿಸುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ಅಷ್ಟೇನೂ ಅಪಾಯವಲ್ಲದ ನೈಟ್ರೇಟ್ ಆಗಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ಇರುವುದಿಲ್ಲ. ಫಿಲ್ಟರ್, ಜಲ್ಲಿಗಳ ಮೇಲೆ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು.

ಆದ್ದರಿಂದ ಶಾಲೆ ತೆರೆದ ಜೂನ್ ಮೊದಲ ವಾರದಲ್ಲಿ ನೀರು ತುಂಬಿಸಿ ಫಿಲ್ಟರ್ ಚಾಲೂ ಮಾಡುವುದು, ಜುಲೈ ಮಧ್ಯದಲ್ಲಿ ಮೊದಲ ಮೀನು ಬಿಡುವುದು ಕ್ಷೇಮ. ನಡುವಿನ ದಿನಗಳಲ್ಲಿ ಖಾಲಿ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿದ್ದರೆ ಅದು ಕೊಳೆತು ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಅಮೋನಿಯಾ, ನೈಟ್ರೈಟ್ ಪರೀಕ್ಷಿಸುವ ಕಿಟ್‌ಗಳು ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುತ್ತವೆ. ಎರಡೂ ಸೊನ್ನೆಗೆ ಇಳಿದ ದಿನ ತೊಟ್ಟಿ ಮೀನಿಗೆ ಸಿದ್ಧ. ಪ್ರೌಢಶಾಲೆಯ ಮಕ್ಕಳು ವಾರಕ್ಕೆರಡು ಬಾರಿ ಪರೀಕ್ಷಿಸಿ ನಕ್ಷೆ ಬರೆದರೆ, ಪಠ್ಯದಲ್ಲಿ ಓದುವ ಸಾರಜನಕ ಚಕ್ರ ಕಣ್ಣೆದುರಿಗೇ ನಡೆದಂತಾಗುತ್ತದೆ.

ನಲ್ಲಿ ನೀರಿನ ಕ್ಲೋರಿನ್ ಮೀನಿಗೂ ಆಗದು, ಈ ಬ್ಯಾಕ್ಟೀರಿಯಾಗಳಿಗೂ ಆಗದು. ಅಗಲ ಬಾಯಿಯ ಪಾತ್ರೆಯಲ್ಲಿ ಒಂದೆರಡು ದಿನ ತೆರೆದಿಟ್ಟ ನೀರನ್ನೇ ಬಳಸಬೇಕು.

ಊರಿಗೊಂದು ನೀರು

ಬಯಲುಸೀಮೆಯ ಕೋಲಾರ, ಚಿತ್ರದುರ್ಗಗಳ ಕಡೆ ಆಳದ ಕೊಳವೆಬಾವಿಗಳ ನೀರು ಗಡಸು. ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುವ ಈ ನೀರಿನಲ್ಲಿ ಗಪ್ಪಿ, ಮೋಲಿ, ಪ್ಲಾಟಿ ಜಾತಿಯ ಮೀನುಗಳು ಚೆನ್ನಾಗಿ ಬದುಕುತ್ತವೆ. ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ನೆಲದ ಬಾವಿಗಳ ಮೆದು ನೀರು ಮೋಲಿಗೆ ಹೇಳಿಸಿದ್ದಲ್ಲ, ಬಾರ್ಬ್ ಮತ್ತು ಗೌರಾಮಿಗಳಿಗೆ ಹಿತ. ಕ್ಷಾರಗುಣ ಹೆಚ್ಚಿದಷ್ಟೂ ಅಮೋನಿಯಾದ ವಿಷವೂ ಹೆಚ್ಚುವುದರಿಂದ ಕ್ಷಾರಗುಣದ ಗಡಸು ನೀರಿರುವ ಊರುಗಳಲ್ಲಿ ಮೀನುಗಳ ಸಂಖ್ಯೆ ಮೇಲಿನ ಸೂತ್ರಕ್ಕಿಂತ ಕಡಿಮೆಯಿದ್ದರೆ ಒಳಿತು.

ಕಲಬುರಗಿ, ರಾಯಚೂರುಗಳಲ್ಲಿ ತೊಡಕು ಬಿಸಿಲಿನದು. ನೀರು ಬಿಸಿಯಾದಂತೆ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. ತಂಪು ಬಯಸುವ ಗೋಲ್ಡ್ ಫಿಷ್ ಅಲ್ಲಿ ಬೇಸಿಗೆ ದಾಟುವುದು ಕಷ್ಟ. ಇದಕ್ಕೆ ಹೊಂದುವುದು ಗೌರಾಮಿ. ಕಿವಿರಿನ ಜೊತೆಗೆ ತಲೆಯೊಳಗಿನ ಒಂದು ವಿಶೇಷ ಅಂಗದಿಂದ ಇದು ನೇರವಾಗಿ ಗಾಳಿಯನ್ನೂ ಉಸಿರಾಡಬಲ್ಲದು. ಆಗಾಗ್ಗೆ ಮೇಲೆ ಬಂದು ಗುಟುಕು ಗಾಳಿ ಕುಡಿದು ಹೋಗುವುದನ್ನು ಮಕ್ಕಳು ಎಣಿಸಬಹುದು. ವಿದ್ಯುತ್ ಕೈಕೊಟ್ಟು ಏರ್ ಪಂಪ್ ನಿಂತ ಹೊತ್ತಿನಲ್ಲೂ ಇದೇ ಗುಣ ಅದನ್ನು ಕಾಯುತ್ತದೆ.

ಮೂರು ಅಂತಸ್ತಿನ ಮನೆ

ನೀರಿನ ಮೇಲ್ಭಾಗ, ನಡುಭಾಗ, ತಳ ಮೂರೂ ಕಡೆ ಓಡಾಟವಿದ್ದರೆ ತೊಟ್ಟಿ ತುಂಬಿದಂತೆ ಕಾಣುತ್ತದೆ, ಮೀನುಗಳಿಗೂ ಇಕ್ಕಟ್ಟಾಗದು. ಬೆಂಗಳೂರು, ಮೈಸೂರುಗಳಂತಹ ಮಧ್ಯಮ ಹವೆಯ ಊರುಗಳಿಗೆ ಈ ಮೂರು ಜಾತಿಗಳ ಕೂಟ ಹೊಂದುತ್ತದೆ.

ಮೇಲ್ಭಾಗಕ್ಕೆ ಜೀಬ್ರಾ ಮೀನು. ಬೆಳೆದರೂ ನಾಲ್ಕು ಸೆಂ.ಮೀ. ಮೀರುವುದು ಅಪರೂಪ. ಮೈಮೇಲೆ ನೀಲಿ ಪಟ್ಟೆ, ಸದಾ ಚುರುಕು. ಬೆಲೆಯೂ ಕಡಿಮೆ, ಹವೆಯ ಏರುಪೇರನ್ನೂ ತಾಳಿಕೊಳ್ಳುತ್ತದೆ. ಗುಂಪಿನಲ್ಲೇ ಬದುಕುವ ಮೀನಾದ್ದರಿಂದ ಹತ್ತಾದರೂ ಇರಬೇಕು.

ನಡುಭಾಗಕ್ಕೆ ರೋಸಿ ಬಾರ್ಬ್. ತೊಟ್ಟಿಯಲ್ಲಿ ಸುಮಾರು ಆರು ಸೆಂ.ಮೀ. ಬೆಳೆಯುತ್ತದೆ. ಗಂಡಿನ ಮೈ ಗುಲಾಬಿಯಿಂದ ಕಡುಕೆಂಪಿಗೆ ತಿರುಗುವುದನ್ನು ನೋಡಿಯೇ ಮಕ್ಕಳು ಗಂಡು ಹೆಣ್ಣು ಗುರುತಿಸಬಲ್ಲರು. ಆರು ಮೀನು ಸಾಕು.

ತಳಕ್ಕೆ ಕೋರಿಡೋರಸ್. ದಕ್ಷಿಣ ಅಮೆರಿಕ ಮೂಲದ, ಮೀಸೆಯುಳ್ಳ, ಆರು ಸೆಂ.ಮೀ.ನ ಈ ಪುಟ್ಟ ಮೀನು ಜಲ್ಲಿಯ ನಡುವೆ ಆಹಾರ ಹುಡುಕುತ್ತಾ ಓಡಾಡುತ್ತದೆ. ಮೀಸೆ ಸವೆಯದಂತೆ ತಳದಲ್ಲಿ ಮರಳು ಅಥವಾ ನುಣುಪಾದ ಸಣ್ಣ ಜಲ್ಲಿ ಇರಬೇಕು. ಇದಕ್ಕೂ ಆರರ ಗುಂಪು ಬೇಕು, ಆಹಾರವನ್ನೂ ಪ್ರತ್ಯೇಕವಾಗಿ ತಳಕ್ಕೆ ಮುಳುಗುವಂತೆ ಹಾಕಬೇಕು. ಉಳಿದ ಮೀನುಗಳ ಎಂಜಲಿನಲ್ಲೇ ಅದು ಬದುಕುತ್ತದೆಂಬುದು ತಪ್ಪು ತಿಳಿವಳಿಕೆ.

ಹತ್ತು ಜೀಬ್ರಾ 40 ಸೆಂ.ಮೀ., ಆರು ಬಾರ್ಬ್ 36, ಆರು ಕೋರಿಡೋರಸ್ 36. ಒಟ್ಟು 22 ಮೀನು, 112 ಸೆಂ.ಮೀ. ಲೆಕ್ಕ ಸರಿಹೊಂದಿತು. ಈ ಮೂರಕ್ಕೂ ದಕ್ಷಿಣ ಕರ್ನಾಟಕದ ಹವೆಯಲ್ಲಿ ಸಾಮಾನ್ಯವಾಗಿ ಹೀಟರ್ ಬೇಕಾಗದು. ಮಕ್ಕಳು ಕೈಯಾಡಿಸುವ ನೀರಿನಲ್ಲಿ ವಿದ್ಯುತ್ ಸಲಕರಣೆ ಒಂದು ಕಡಿಮೆಯಾದಷ್ಟೂ ಒಳ್ಳೆಯದು.

ಒಂದೇ ದಿನ 22ನ್ನೂ ತರುವಂತಿಲ್ಲ. ಮೊದಲು ಐದಾರು ಜೀಬ್ರಾ, ಎರಡು ವಾರ ಬಿಟ್ಟು ಉಳಿದ ಜೀಬ್ರಾ, ಮತ್ತೆರಡು ವಾರಕ್ಕೆ ಬಾರ್ಬ್, ಕೊನೆಗೆ ಕೋರಿಡೋರಸ್. ಚೀಲವನ್ನು ಹದಿನೈದು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಸಿ, ಸ್ವಲ್ಪ ಸ್ವಲ್ಪವೇ ತೊಟ್ಟಿಯ ನೀರು ಬೆರೆಸಿ, ಮೀನನ್ನು ಮಾತ್ರ ಬಲೆಯಲ್ಲೆತ್ತಿ ಬಿಡಬೇಕು. ಅಂಗಡಿಯ ನೀರು ತೊಟ್ಟಿಗೆ ಬೀಳಬಾರದು.

ಬುಕಾನನ್ ಕಂಡ ಮೀನು

ಜೀಬ್ರಾ ಮೀನಿಗೂ ರೋಸಿ ಬಾರ್ಬಿಗೂ ಮೂಲ ಭಾರತ ಉಪಖಂಡದ ಹೊಳೆಗಳೇ. ಎರಡನ್ನೂ ವಿಜ್ಞಾನ ಲೋಕಕ್ಕೆ ಪರಿಚಯಿಸಿದವರು ಒಬ್ಬರೇ. ಟಿಪ್ಪು ಸುಲ್ತಾನನ ಪತನಾನಂತರ 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಪ್ರಾಂತ್ಯಗಳನ್ನು ಸುತ್ತಿ ಇಲ್ಲಿನ ಬೆಳೆ, ಕಸುಬು, ಜನಜೀವನವನ್ನು ದಾಖಲಿಸಿದ ಫ್ರಾನ್ಸಿಸ್ ಬುಕಾನನ್. ಕರ್ನಾಟಕದ ಇತಿಹಾಸ ಓದಿದವರಿಗೆ ಈ ಹೆಸರು ಹೊಸದಲ್ಲ. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರನ್ನೂ ಧರಿಸಿದ ಅವರು ಗಂಗಾನದಿಯ ಮೀನುಗಳ ಕುರಿತು 1822ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಎರಡೂ ಮೀನುಗಳ ವರ್ಣನೆಯಿದೆ.

ಜೀಬ್ರಾ ಮೀನು ಇಂದು ಜಗತ್ತಿನ ಪ್ರಯೋಗಾಲಯಗಳ ಮುಖ್ಯ ಜೀವಿಗಳಲ್ಲೊಂದು. ಅದರ ವಂಶವಾಹಿಗಳ ಪೂರ್ಣ ನಕ್ಷೆ 2013ರಲ್ಲಿ ಪ್ರಕಟವಾದಾಗ, ಮನುಷ್ಯನ ವಂಶವಾಹಿಗಳಲ್ಲಿ ಸುಮಾರು ಶೇ 70ರಷ್ಟಕ್ಕೆ ಸಮಾನವಾದವು ಈ ಮೀನಿನಲ್ಲಿವೆಯೆಂದು ತಿಳಿದುಬಂತು. ಮೊಟ್ಟೆ ಪಾರದರ್ಶಕವಾದ್ದರಿಂದ ಒಳಗೆ ಮರಿ ರೂಪುಗೊಳ್ಳುವುದನ್ನು, ಪುಟ್ಟ ಹೃದಯ ಬಡಿಯುವುದನ್ನು ಶಾಲೆಯ ಸಾಧಾರಣ ಸೂಕ್ಷ್ಮದರ್ಶಕದಲ್ಲೂ ನೋಡಬಹುದು. ಬೆಳಗಾಗುತ್ತಲೇ ಮೊಟ್ಟೆಯಿಡುವ ಈ ಮೀನು ತನ್ನ ಮೊಟ್ಟೆಯನ್ನು ತಾನೇ ತಿನ್ನುತ್ತದೆ. ಸಣ್ಣ ತೊಟ್ಟಿಯೊಂದರ ತಳದಲ್ಲಿ ಎರಡು ಮೂರು ಪದರ ಗೋಲಿಗಳನ್ನು ಹರಡಿ, ಒಂದೆರಡು ಜೋಡಿಗಳನ್ನು ಸಂಜೆ ಅದರಲ್ಲಿ ಬಿಟ್ಟರೆ ಬೆಳಿಗ್ಗೆ ಮೊಟ್ಟೆಗಳು ಗೋಲಿಗಳ ಸಂದಿಗೆ ಇಳಿದು ಉಳಿಯುತ್ತವೆ. ಎರಡು ಮೂರು ದಿನಗಳಲ್ಲಿ ಮರಿಗಳು ಹೊರಬರುತ್ತವೆ.

ಕೊಳ್ಳಬಾರದ ಮೀನುಗಳು

ಗೋಲ್ಡ್ ಫಿಷ್: ಎಲ್ಲರೂ ಮೊದಲು ಕೇಳುವುದು ಇದನ್ನೇ. ಆದರೆ ಕಾರ್ಪ್ ಕುಲದ ಈ ಮೀನು 20 ಸೆಂ.ಮೀ. ಮೀರಿ ಬೆಳೆಯಬಲ್ಲದು, ಹತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ತಿನ್ನುವುದೂ ಹೆಚ್ಚು, ನೀರು ಕೆಡಿಸುವುದೂ ಹೆಚ್ಚು. ಸಾಕುವುದಾದರೆ ಇಡೀ ತೊಟ್ಟಿಯನ್ನು ಮೂರು ನಾಲ್ಕು ಗೋಲ್ಡ್ ಫಿಷ್‌ಗಳಿಗೇ ಬಿಟ್ಟುಕೊಡಬೇಕು.

'ಶಾರ್ಕ್': ಅಂಗಡಿಗಳಲ್ಲಿ ಈ ಹೆಸರಿನಿಂದ ಮಾರಾಟವಾಗುವ ಬೆಳ್ಳಿ ಬಣ್ಣದ ಮರಿ ನಿಜಕ್ಕೂ ಶಾರ್ಕ್ ಅಲ್ಲ. ಆಗ್ನೇಯ ಏಷ್ಯಾದ ಮೆಕಾಂಗ್ ನದಿಯ ಪಂಗಾಸಿಯಸ್ ಎಂಬ ಈ ಮೀನನ್ನು ನಮ್ಮ ದೇಶದಲ್ಲಿ ಆಹಾರಕ್ಕಾಗಿ ಕೊಳಗಳಲ್ಲಿ ಸಾಕುತ್ತಾರೆ. ಬೆಳೆದರೆ ಒಂದು ಮೀಟರ್ ದಾಟುತ್ತದೆ. ಬೆದರಿದಾಗ ಗಾಜಿಗೆ ಅಪ್ಪಳಿಸಿ ಗಾಯಗೊಳ್ಳುತ್ತದೆ.

ಸಕ್ಕರ್: ಗಾಜಿಗೆ ಕಚ್ಚಿ ಪಾಚಿ ತಿನ್ನುವುದರಿಂದ 'ಟ್ಯಾಂಕ್ ಕ್ಲೀನರ್' ಎಂದೇ ಮಾರುತ್ತಾರೆ. ದೊಡ್ಡದಾದಂತೆ ಪಾಚಿಗಿಂತ ಉಳಿದ ಆಹಾರದ ಮೇಲೆಯೇ ಅದರ ಕಣ್ಣು. ಒಂದು ಅಡಿಗೂ ಮೀರಿ ಬೆಳೆಯುವ ಅದು ಸ್ವಚ್ಛ ಮಾಡುವುದಕ್ಕಿಂತ ಹೊಲಸು ಮಾಡುವುದೇ ಹೆಚ್ಚು.

ಆಸ್ಕರ್, ಫ್ಲವರ್‌ಹಾರ್ನ್: ಎರಡೂ ದೊಡ್ಡವು, ಬಾಯಿಗೆ ಹಿಡಿಯುವ ಮೀನುಗಳನ್ನೆಲ್ಲ ನುಂಗುವಂಥವು.

ಟೈಗರ್ ಬಾರ್ಬ್, ಫೈಟರ್: ಮೊದಲನೆಯದು ಉದ್ದ ರೆಕ್ಕೆಯ ಮೀನುಗಳನ್ನು ಕಚ್ಚಿ ಹರಿಯುತ್ತದೆ. ಎರಡನೆಯದರ ಗಂಡುಗಳು ಒಂದನ್ನೊಂದು ಕೊಲ್ಲುವವರೆಗೂ ಕಾದಾಡುತ್ತವೆ.

ಬಣ್ಣ ಚುಚ್ಚಿದ ಮೀನು: ಮೂಳೆಯೂ ಕಾಣುವಷ್ಟು ಪಾರದರ್ಶಕವಾದ ಗಾಜುಮೀನಿಗೆ ಸೂಜಿಯಿಂದ ಗುಲಾಬಿ, ಹಸಿರು ಬಣ್ಣ ಚುಚ್ಚಿ ಮಾರುವ ಪದ್ಧತಿಯಿದೆ. ಬಣ್ಣ ಕೆಲವು ತಿಂಗಳಲ್ಲಿ ಮಾಸುತ್ತದೆ, ಗಾಯದಿಂದ ರೋಗ ತಗಲುವ ಸಂಭವ ಹೆಚ್ಚು.

ಮಿಸ್ ಕೇರಳ: ಕೆಂಪು ಪಟ್ಟೆಯ ಈ ಚೆಲುವಾದ ಮೀನು ಪಶ್ಚಿಮ ಘಟ್ಟದ್ದೇ. ಅಲಂಕಾರಕ್ಕಾಗಿ ಹೊಳೆಗಳಿಂದ ವಿಪರೀತ ಹಿಡಿದ ಕಾರಣ ಅಳಿವಿನಂಚಿನ ಜಾತಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಗೆ ಸೇರಿದೆ. ಮಕ್ಕಳಿಗೆ ಅದರ ಚಿತ್ರ ತೋರಿಸಿ ಕಥೆ ಹೇಳುವುದು ಮೇಲು.

ಗಪ್ಪಿ, ಮೋಲಿಗಳ ವಿಷಯದಲ್ಲಿ ಎಚ್ಚರಿಕೆ ಬೇರೆ. ಇವು ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುತ್ತವೆ. ಗಪ್ಪಿ ಸುಮಾರು ನಾಲ್ಕು ವಾರಕ್ಕೊಮ್ಮೆ ಹತ್ತಾರು ಮರಿ ಹಾಕುವುದರಿಂದ ಒಂದು ವರ್ಷದಲ್ಲಿ ತೊಟ್ಟಿ ಕಿಕ್ಕಿರಿಯುತ್ತದೆ. ಗಡಸು ನೀರಿನ ಊರುಗಳಲ್ಲಿ ಇವನ್ನೇ ಸಾಕುವುದಾದರೆ ಗಂಡುಗಳನ್ನು ಮಾತ್ರ ತರಬೇಕು. ಬಾಲದ ಬಣ್ಣ ಹೆಚ್ಚಿರುವುದೂ ಗಂಡು ಗಪ್ಪಿಗೇ.

ಹಸಿವಿಗಿಂತ ಉಣಿಸಿನಿಂದ ಸಾವು

ನಲವತ್ತು ಮಕ್ಕಳ ತರಗತಿಯಲ್ಲಿ ಮೀನು ಹಸಿವಿನಿಂದ ಸಾಯುವುದಿಲ್ಲ. ಪ್ರೀತಿಯಿಂದ ಒಬ್ಬೊಬ್ಬರೂ ಹಾಕುವ ಒಂದೊಂದು ಚಿಟಿಕೆಯಿಂದ ಸಾಯುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತು ಅಮೋನಿಯಾ ಏರುತ್ತದೆ. ದಿನಕ್ಕೊಮ್ಮೆ, ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟನ್ನು ಮಾತ್ರ, ಸರದಿಯಂತೆ ಇಬ್ಬರು ಮಕ್ಕಳು ಹಾಕಲಿ. ಡಬ್ಬಿ ಶಿಕ್ಷಕರ ಬೀರುವಿನಲ್ಲಿರಲಿ. ಭಾನುವಾರ ಏನೂ ಹಾಕದಿದ್ದರೆ ಬೆಳೆದ ಮೀನಿಗೆ ತೊಂದರೆಯಿಲ್ಲ.

ವಾರಕ್ಕೊಮ್ಮೆ ಕಾಲು ಭಾಗ, ಅಂದರೆ ಸುಮಾರು 56 ಲೀಟರ್ ನೀರನ್ನು ತೆಗೆದು ಹೊಸ ನೀರು ಹಾಕಬೇಕು. ತೆಗೆದ ನೀರಿನಲ್ಲಿ ನೈಟ್ರೇಟ್ ಇರುವುದರಿಂದ ಶಾಲೆಯ ಕೈತೋಟಕ್ಕೆ ಅದು ಗೊಬ್ಬರವೂ ಹೌದು. ಫಿಲ್ಟರಿನ ಸ್ಪಂಜನ್ನು ನಲ್ಲಿಯಡಿ ತೊಳೆದರೆ ಬ್ಯಾಕ್ಟೀರಿಯಾಗಳೆಲ್ಲ ನಾಶವಾಗುವ ಅಪಾಯವಿದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು. ಕೈ ಹಾಕುವ ಮುನ್ನ ಪಂಪು, ದೀಪಗಳ ಸ್ವಿಚ್ ಆರಿಸುವುದು, ಕೈಯಲ್ಲಿ ಗಾಯವಿದ್ದವರು ನೀರು ಮುಟ್ಟದಿರುವುದು, ಮುಟ್ಟಿದವರು ಸೋಪಿನಿಂದ ಕೈ ತೊಳೆಯುವುದು ಕಡ್ಡಾಯವಾಗಬೇಕು.

ರಜೆ ಬಂದಾಗ

ಶಾಲೆಯ ತೊಟ್ಟಿಗೆ ನಿಜವಾದ ಪರೀಕ್ಷೆ ದಸರಾ ಮತ್ತು ಬೇಸಿಗೆ ರಜೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲೂ ಹೆಚ್ಚು, ಕೊಠಡಿಗೆ ಬೀಗವೂ ಬಿದ್ದಿರುತ್ತದೆ. ಮೀನು ಕೊಳ್ಳುವ ಮೊದಲೇ, ರಜೆಯಲ್ಲಿ ಎರಡು ದಿನಕ್ಕೊಮ್ಮೆ ಬಂದು ನೋಡುವವರು ಯಾರೆಂದು ಹೆಸರು ಬರೆದಿಡಬೇಕು. ಒಂದೊಂದು ದಿನದ ಆಹಾರವನ್ನು ಬೇರೆ ಬೇರೆ ಪೊಟ್ಟಣ ಕಟ್ಟಿ ಕೊಟ್ಟರೆ ಹೆಚ್ಚು ಹಾಕುವ ಭಯವಿಲ್ಲ. ಹೆಸರು ಬರೆಯಲು ಯಾರೂ ಸಿಗದ ಶಾಲೆಯಲ್ಲಿ ಮೀನು ತರದಿರುವುದೇ ಸರಿಯಾದ ನಿರ್ಧಾರ. ಅಂತಹ ಕಡೆ ಅದೇ ತೊಟ್ಟಿಯಲ್ಲಿ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾದಂತಹ ಜಲಸಸ್ಯಗಳನ್ನು ಬೆಳೆಸಿದರೂ ಸಸ್ಯಪಾಠಕ್ಕೆ ಸಾಕಷ್ಟು ಸಾಮಗ್ರಿ ಸಿಗುತ್ತದೆ.

ಕೆರೆಗೆ ಬಿಡಬೇಡಿ

ಸಾಕಲಾಗದ ಮೀನನ್ನು ಊರ ಕೆರೆಗೆ ಬಿಟ್ಟರೆ ಪುಣ್ಯ ಬರುತ್ತದೆಂಬ ಭಾವನೆ ಅನೇಕರಲ್ಲಿದೆ. ಅದರ ಪರಿಣಾಮ ನೋಡಲು ದೂರ ಹೋಗಬೇಕಿಲ್ಲ. ನಮ್ಮ ಕೆರೆಗಳಲ್ಲಿ ಜಿಲೇಬಿ ಮೀನು ಎಂದು ಹೆಸರಾದ ತಿಲಾಪಿಯ ಆಫ್ರಿಕದ್ದು. 1952ರಲ್ಲಿ ಆಹಾರಕ್ಕೆಂದು ದೇಶಕ್ಕೆ ತಂದದ್ದು, ಮೊಟ್ಟೆ ಮರಿಗಳನ್ನು ಬಾಯಲ್ಲಿಟ್ಟು ಕಾಯುವ ಗುಣದಿಂದ ಬೇಗ ಹೆಚ್ಚಿ ದೇಶಿ ಮೀನುಗಳ ಜಾಗ ಆಕ್ರಮಿಸಿತು. ಅಲಂಕಾರಕ್ಕೆಂದು ಬಂದ ಸಕ್ಕರ್ ಕೂಡ ಇಂದು ಆಂಧ್ರಪ್ರದೇಶ, ಕೇರಳ, ಪಶ್ಚಿಮ ಬಂಗಾಳಗಳ ಜಲಮೂಲಗಳಲ್ಲಿ ನೆಲೆಸಿದೆ. ಅದರ ಮುಳ್ಳುಗಳು ಮೀನುಗಾರರ ಬಲೆಗಳನ್ನು ಹರಿಯುತ್ತವೆ, ಹಿಡಿದರೂ ಕೊಳ್ಳುವವರಿಲ್ಲ.

ಆದ್ದರಿಂದ ಮೀನು ಹೆಚ್ಚಾದರೆ ಬೇರೊಂದು ಶಾಲೆಗೆ ಕೊಡಬಹುದು, ಮಾರಿದ ಅಂಗಡಿಗೇ ಹಿಂತಿರುಗಿಸಬಹುದು. ಹಿಂದೆ ಪಡೆಯುವಿರಾ ಎಂದು ಕೊಳ್ಳುವಾಗಲೇ ಅಂಗಡಿಯವರನ್ನು ಕೇಳಿಟ್ಟುಕೊಳ್ಳಬೇಕು. 'ಇದು ಎಷ್ಟು ದೊಡ್ಡದಾಗುತ್ತದೆ?' ಎಂಬ ಇನ್ನೊಂದು ಪ್ರಶ್ನೆಯನ್ನೂ ಅಲ್ಲಿಯೇ ಕೇಳಬೇಕು. ಆ ಉತ್ತರವನ್ನು ಅಡಿಕೋಲಿನಲ್ಲಿ ಅಳೆದು ತೊಟ್ಟಿಯ ಗಾಜಿನ ಮೇಲೆ ಗುರುತು ಹಾಕುವ ಕೆಲಸವನ್ನು ಮಕ್ಕಳಿಗೇ ವಹಿಸಿದರೆ, ಯಾವ ಮೀನು ಬೇಡವೆಂಬುದನ್ನು ಅವರೇ ಹೇಳುತ್ತಾರೆ.